ಅಕ್ಕನ ಕಟ್ಟೆಯ ಮೇಲೆ ಕಡ್ಡಿ ಕಚ್ಚಿ ಕೂತದ್ದು

ಅವ್ವ ಗುಡೂರಿನಿಂದ ಫೋನು ಮಾಡಿದಾಗಲೆಲ್ಲ ಮಳೆ, ಬೆಳೆ, ಎಮ್ಮೆ ಎಲ್ಲ ಮುಗಿದ ಮೇಲೆ ಒಂದೇ ಮಾತಿಗೆ ಬಂದು ನಿಲ್ಲುತ್ತಿದ್ದಳು.

"ಆಕಿಗೆ ನೀನರ ಹೇಳೋ. ನೀ ಎಲ್ಲಾ ಅನುಭೋಗಿಸಿ ಬಂದಾಂವ. ನೀ ಹೇಳಿದ್ರ ಕೇಳ್ತಾಳ."

ಆಕಿ ಎಂದರೆ ನನ್ನ ಅಕ್ಕ. ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟಿದ್ದೇವೆ. ಹೇಳಬೇಕಾದದ್ದು, ಅಡಿಕೆ ಬಿಡು ಎಂದು. ಹೀಗೆ ನನ್ನನ್ನು ಹುರಿದುಂಬಿಸುವ ಅವ್ವನ ಸೊಂಟದಲ್ಲಿ ಎಲೆ ಅಡಿಕೆ ಸುಣ್ಣಕ್ಕೆಲ್ಲ ಬೇರೆ ಬೇರೆ ಅರೆಗಳಿರುವ ಬಟ್ಟೆಯ ಚಂಚಿ ಯಾವಾಗಲೂ ಸಿಕ್ಕಿಸಿಕೊಂಡೇ ಇರುತ್ತಿತ್ತು ಎಂಬುದು ಬೇರೆ ಮಾತು. ನಾನು ಹೂಂ ಅನ್ನುತ್ತಿದ್ದೆ, ಆದರೆ ಹೇಳುತ್ತಿರಲಿಲ್ಲ. ಹೇಳಬಾರದೆಂದೇ ಗಟ್ಟಿ ಮನಸ್ಸು ಮಾಡಿದ್ದೆ.

ಅಕ್ಕನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅಡಿಕೆ ವರ್ಷಗಟ್ಟಲೆ ಕೆನ್ನೆಯೊಳಗೆ ಮನೆ ಮಾಡಿಕೊಂಡರೆ ಒಳಗಿನ ಚರ್ಮ ಬಿಳಿಚಿಕೊಂಡು ಬಿಗಿಯುತ್ತದೆ. ಬೆರಳಿಟ್ಟರೆ ಹುರಿ ಹಗ್ಗ ಮುಟ್ಟಿದ ಹಾಗಿರುತ್ತದೆ. ಖಾರ ತಾಗಿದರೆ ಬೆಂಕಿ. ಬಾಯಿ ಬರಬರುತ್ತ ಕಡಿಮೆ ತೆರೆಯುತ್ತದೆ, ಕಡೆಗೆ ತುತ್ತೂ ಹೋಗದು. ಅಲ್ಲಿಗೂ ನಿಲ್ಲದಿದ್ದರೆ ಮುಂದೆ ಬರುವ ಕಾಯಿಲೆಯ ಹೆಸರನ್ನು ನಮ್ಮ ಮನೆಗಳಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು, ಯಾಕೆಂದರೆ ಮೊದಲು ಮುಚ್ಚಿಕೊಂಡದ್ದು ನನ್ನ ಬಾಯಿ.

ನಾನು ಬಾದಾಮಿಯಲ್ಲಿ ಗೈಡು. ಗುಹೆಗಳ ಮುಂದೆ ನಿಂತು ಮಾತಾಡಿದರೆ ಹೊಟ್ಟೆ ತುಂಬುವ ಕೆಲಸ. ಮಾತಾಡದೆ ಇರುವಾಗ ಬಾಯಿ ಖಾಲಿ ಬಿಡಬಾರದೆಂದು ಅಡಿಕೆಪುಡಿಯ ಪಾಕೀಟು ಒಂದು, ತಂಬಾಕಿನದು ಒಂದು, ಎರಡನ್ನೂ ಅಂಗೈಯಲ್ಲಿ ಕೂಡಿಸಿ ಒಳಗೆ ಹಾಕುತ್ತಿದ್ದೆ. ಪ್ರವಾಸಿಗಳು ಮೆಟ್ಟಿಲು ಹತ್ತಿ ಏದುಸಿರು ಬಿಡುವಷ್ಟರಲ್ಲಿ ನಂದೊಂದು ಸುತ್ತು ಮುಗಿದಿರುತ್ತಿತ್ತು. ಆಮೇಲಾಮೇಲೆ ನನ್ನ ಮಾತು ಹಲ್ಲಿನ ನಡುವೆಯೇ ಉಳಿಯತೊಡಗಿತು. ಶಾಲೆಯ ಹುಡುಗರು ಹಿಂದಿನ ಸಾಲಿನಿಂದ "ಕೇಳವಲ್ದ್ರಿ" ಎಂದು ಕೂಗುತ್ತಿದ್ದರು. ಅಮೀನಗಡದ ಕರದಂಟು ತಂದುಕೊಟ್ಟರೆ ಕಚ್ಚಲಾಗದೆ ಜೇಬಿನಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಿದ್ದೆ. ಬಾಳೆಹಣ್ಣನ್ನು ಮುರಿದು ಮುರಿದು ತಿನ್ನುವ ಗಂಡಸನ್ನು ನೋಡಿ ಕೋತಿಗಳಿಗೂ ವಿಚಿತ್ರ ಅನ್ನಿಸಿರಬೇಕು.

ಆಗ ನನಗೆ ಬುದ್ಧಿ ಹೇಳದವರು ಯಾರೂ ಉಳಿದಿರಲಿಲ್ಲ. ಹೆಂಡತಿ ಅತ್ತು ಹೇಳಿದಳು. ಬಸ್ ಸ್ಟ್ಯಾಂಡಿನ ಚಹಾದವನು ಬಿಟ್ಟಿಯಾಗಿ ಹೇಳಿದ. ದೂರದ ನೆಂಟರೊಬ್ಬರು ಫೋನಿಗೆ ಕೊಳೆತ ಬಾಯಿಗಳ ಚಿತ್ರ ಕಳಿಸಿ ಕೆಳಗೆ ಕೈ ಮುಗಿಯುವ ಗೊಂಬೆ ಹಾಕಿದರು. ಒಬ್ಬೊಬ್ಬರು ಹೇಳಿದಾಗಲೂ ನಾನು ತಲೆ ಆಡಿಸುತ್ತಿದ್ದೆ, ಅವರು ತಿರುವು ದಾಟುವುದರೊಳಗೆ ಪಾಕೀಟು ಹರಿಯುತ್ತಿದ್ದೆ. ಬುದ್ಧಿಮಾತಿನ ಕಹಿ ಹೋಗಲಿಕ್ಕೆ ಅದೇ ಬೇಕಾಗುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಬೈದವಳು ಅಕ್ಕ, ಅದೂ ಕೆನ್ನೆಯಲ್ಲಿ ಅಡಿಕೆ ಇಟ್ಟುಕೊಂಡೇ.

"ನೀ ತಿನ್ನೂದು ಪಾಕೀಟಿನ ಹೊಲಸು. ಅದರಾಗ ಏನೇನ ಹಾಕಿರ್ತಾರೋ ಏನೋ. ನಂದು ಎಲಿ ಅಡಿಕಿ. ದೇವರ ಮುಂದ ಇಡೂದು ಅದು. ಅದಕ್ಕೂ ಇದಕ್ಕೂ ಹೋಲಸಬ್ಯಾಡ."

ನಮ್ಮ ಕಡೆಯ ಲೆಕ್ಕವೇ ಇದು. ಪಾಕೀಟು ಚಟ, ಎಲೆ ಅಡಿಕೆ ಸಂಪ್ರದಾಯ. ಪೂಜೆಗೆ ಬೇಕು, ಬೀಗರಿಗೆ ಬೇಕು, ಬಾಣಂತಿಗೆ ಬೇಕು. ಅಡಿಕೆಯಿಂದಲೇ ಬಾಯಿ ಬಿಗಿಯುತ್ತದೆಂದರೆ ದೇವರ ಮೇಲೆ ತಕರಾರು ತೆಗೆದಂತೆ. ಬಾಗಲಕೋಟೆಯ ನವನಗರದ ಹಲ್ಲಿನ ದವಾಖಾನೆಗೆ ಹೋಗುವ ತನಕ ನಾನೂ ಇದನ್ನೇ ನಂಬಿದ್ದೆ. ತಂಬಾಕು ಬಿಟ್ಟು ಬರೀ ಅಡಿಕೆ ತಿಂದರೆ ಆಯಿತು ಎಂದು ಒಂದು ಕಾಲ ಹಾಗೆಯೇ ಮಾಡಿ, ಬಾಯನ್ನು ಇನ್ನಷ್ಟು ಬಿಗಿ ಮಾಡಿಕೊಂಡಿದ್ದೆ.

ದವಾಖಾನೆಯ ಡಾಕ್ಟರಮ್ಮ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಇಡಿ ಎಂದರು. ಒಂದೇ ಹೋಯಿತು. ಕೆನ್ನೆಗೆ ಸೂಜಿ, ಗುಳಿಗೆ, ಹಚ್ಚಲಿಕ್ಕೆ ಮುಲಾಮು ಬರೆದುಕೊಟ್ಟು, ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳ ಕಟ್ಟೊಂದನ್ನು ಮುಂದಿಟ್ಟರು. ಒಂದರ ಮೇಲೊಂದು ಪೇರಿಸಿ ಹಲ್ಲಿನ ನಡುವೆ ತೂರಿಸಬೇಕು, ಹಿಡಿದು ಕೂರಬೇಕು, ತಾಳಿಕೊಳ್ಳುವಂತಾದ ಮೇಲೆ ನಡುವೆ ಇನ್ನೊಂದನ್ನು ತುರುಕಬೇಕು. ಹೋದದ್ದೆಲ್ಲ ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಂಡು ಸ್ವಲ್ಪ ಸ್ವಲ್ಪ ಗೆಲ್ಲಬಹುದು, ಆದರೆ ಅಡಿಕೆ ಮತ್ತೆ ಮುಟ್ಟಿದರೆ ಎಲ್ಲ ನೀರಿನಲ್ಲಿ ಹೋಮ ಎಂದರು. ನಾನು ಮನೆಗೆ ಬಂದು ಬಚ್ಚಲಿನ ಚಿಲಕ ಹಾಕಿಕೊಂಡು ಕಡ್ಡಿ ಕಚ್ಚುತ್ತಿದ್ದೆ. ಜೊಲ್ಲು ಸುರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಮುಖ ನೋಡುವ ಹಾಗಿರುವುದಿಲ್ಲ. ಹೊರಗೆ ಬಂದವನೇ ಆ ಅವಮಾನಕ್ಕೆ ಒಂದು ಚೂರು ಅಡಿಕೆ ಹಾಕಿಕೊಳ್ಳುತ್ತಿದ್ದೆ.

ಮುಂದಿನ ಸಲ ಹೋದಾಗ ಪಾಳಿಯ ಬೆಂಚಿನ ಮೇಲೆ ಒಬ್ಬ ಹಿರಿಯ ಕುರಿಗಾರ ಕೂತಿದ್ದ. ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪನ ಭಂಡಾರದ ಅರಿಶಿನ, ಬಾಯಿ ತುಂಬ ಕಡ್ಡಿ. ಎಲ್ಲರ ಎದುರಿಗೆ, ಹಗಲು ಹೊತ್ತಿನಲ್ಲಿ, ಜೊಲ್ಲನ್ನು ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತ ಕೂತಿದ್ದ. ಮಕ್ಕಳು ಬೆರಳು ತೋರಿಸಿ ನಕ್ಕರು. ಆತ ತನ್ನ ಕುರಿಗಳನ್ನು ನೋಡುವ ಹಾಗೆ ಅವರನ್ನು ನೋಡಿದ. ನಾನು ಹತ್ತಿರ ಹೋದಾಗ ಕಂಬಳಿ ಸರಿಸಿ ಜಾಗ ಕೊಟ್ಟ. ಇವನೂ ಈಗ ಬುದ್ಧಿಮಾತು ಶುರುಮಾಡುತ್ತಾನೆ ಎಂದುಕೊಂಡು ಕಾದೆ. ಏನನ್ನೂ ಹೇಳಲಿಲ್ಲ, ಹೇಳಲಿಕ್ಕೆ ಆತನ ಬಾಯಿ ಖಾಲಿ ಇರಲಿಲ್ಲ. ಎಷ್ಟೋ ವರ್ಷಗಳಲ್ಲಿ ನನಗೆ ಬುದ್ಧಿ ಹೇಳದೆ ಪಕ್ಕದಲ್ಲಿ ಕೂತ ಮೊದಲ ಮನುಷ್ಯ ಆತ. ನನಗೆ ಏನನ್ನಿಸಿತೋ, ಜೇಬಿನಿಂದ ನನ್ನ ಕಡ್ಡಿ ತೆಗೆದು ಬಾಯಿಗೆ ಹಾಕಿಕೊಂಡು ಆತನ ಜೊತೆ ಕೂತುಬಿಟ್ಟೆ. ಅವತ್ತಿನಿಂದ ಅಡಿಕೆ ಮುಟ್ಟಿಲ್ಲ. ಬೇಕು ಅನ್ನಿಸಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಯಾರಾದರೂ ಅಡಿಕೆ ಕತ್ತರಿಸುವ ಸಪ್ಪಳ ಕೇಳಿದರೆ ಬಾಯಲ್ಲಿ ನೀರು ಬರುತ್ತದೆ.

ನನ್ನ ಬಾಯಿ ಎರಡು ಬೆರಳಿಗೆ ಬಂದ ಕಾಲದಲ್ಲಿ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಆಕೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೆನ್ನೆಯ ಬದಿಯಿಂದ ಒಳಗೆ ನೂಕುತ್ತಿದ್ದಳು. ಕೆಂಪು ಖಾರವಿಲ್ಲದೆ ತುತ್ತು ಇಳಿಯದ ಹೆಂಗಸು, ಖಾರದ ಬಟ್ಟಲನ್ನು ನನ್ನ ಕಡೆ ಸರಿಸಿದಳು. "ಹಲ್ಲ ನೋಯಾಕತ್ತೈತಿ" ಎಂದಳು. ಆ ಸುಳ್ಳನ್ನು ಅದೇ ಶಬ್ದಗಳಲ್ಲಿ ನಾನೂ ಹೇಳಿದ್ದೆ.

ಅವತ್ತೇ ಅವ್ವನಿಗೆ ತಿಳಿಸಿದೆ. ಅವತ್ತಿನಿಂದಲೇ ಆ ಫೋನುಗಳು. ನಾನು ಹೇಳಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ತಲೆ ಆಡಿಸುತ್ತಾಳೆ, ನಾನು ಬಸ್ಸು ಹತ್ತಿದ ಮೇಲೆ ಎರಡು ಹೋಳು ಹೆಚ್ಚಿಗೆ ಹಾಕಿಕೊಳ್ಳುತ್ತಾಳೆ, ಮುಂದಿನ ಸಲ ಹೋದಾಗ ನನ್ನಿಂದ ಮುಚ್ಚಿಡುತ್ತಾಳೆ. ನನಗೆ ತಿಳಿದ ದಾರಿ ಒಂದೇ. ವಾರಕ್ಕೊಮ್ಮೆ ಹುನಗುಂದದ ಮೇಲಿಂದ ಇಳಕಲ್ಲಿಗೆ ಹೋಗುವುದು, ಆಕೆಯ ಮನೆಯ ಮುಂದಿನ ಕಟ್ಟೆಯ ಮೇಲೆ, ಓಣಿಯ ಮಂದಿಯ ಎದುರಿಗೆ, ಬಾಯಿಗೆ ಕಡ್ಡಿ ಹಾಕಿಕೊಂಡು ಕೂರುವುದು.

ಒಳಗೆ ಮಾವ, ಅಂದರೆ ಅಕ್ಕನ ಗಂಡ, ಮಗ್ಗದಲ್ಲಿರುತ್ತಿದ್ದ. ಅಕ್ಕ ಬಾಗಿಲ ಬೆಳಕಿನಲ್ಲಿ ಕೂತು ಸೀರೆಯ ಒಡಲಿನ ಹಾಸುನೂಲಿಗೂ ಸೆರಗಿನ ಹಾಸುನೂಲಿಗೂ ಎಳೆ ಎಳೆ ಕೊಂಡಿ ಹಾಕಿ ಜೋಡಿಸುತ್ತಿದ್ದಳು. ಕಣ್ಣು ತೆಗೆಯುವಂತಿಲ್ಲದ, ಕೈ ಬಿಡುವಂತಿಲ್ಲದ ಕೆಲಸ. ಬಾಯಿಗೆ ಒಂದು ಅಡಿಕೆ ಇದ್ದರೆ ಹೊತ್ತು ಹೋಗುತ್ತದೆ ಎಂದು ಆ ಓಣಿಯ ಹೆಂಗಸರೆಲ್ಲ ಹೇಳುತ್ತಾರೆ, ನಿಜವೂ ಹೌದು. ಮೊದಲ ದಿನ ನಾನು ಕಡ್ಡಿ ಕಚ್ಚಿ ಕೂತಾಗ ಎದುರು ಮನೆಯವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಏನ್ ನಿನ್ನ ತಮ್ಮ, ಐಸ್‌ಕ್ರೀಮ್ ತಿಂದು ಕಡ್ಡಿ ಬಿಡವಲ್ಲ?"

ಅಕ್ಕನ ಮುಖ ಕೆಂಪಾಯಿತು. "ಒಳಗ ಬಾರಲೇ. ಓಣ್ಯಾಗ ಮರ್ಯಾದಿ ಕಳೀಬ್ಯಾಡ" ಎಂದಳು. ನಾನು ತಲೆ ಅಲ್ಲಾಡಿಸಿದೆ. ಮುಗಿದ ಮೇಲೆ ಕಡ್ಡಿ ತೊಳೆದು ಜೇಬಿಗಿಟ್ಟು, ಚಹಾ ಕುಡಿದು, ಅಕ್ಕನ ಮಗಳು, ನನ್ನ ಸೊಸೆ, ಓದುವ ಕಾಲೇಜಿನ ಸುದ್ದಿ ಕೇಳಿ ಎದ್ದೆ. ಆಕೆ ಚಂಚಿ ಬಿಚ್ಚಿ ಎಂದಿನಂತೆ ಎಲೆ ಮಡಚಿ ಕೊಡಲು ಬಂದಳು. ಒಲ್ಲೆ ಎಂದೆ. "ಭಾಳ ದೊಡ್ಡಾಂವ ಆಗಿ ಬಿಡು" ಎಂದು ಮುಖ ಗಂಟು ಹಾಕಿಕೊಂಡು ಅದನ್ನು ತನ್ನ ಬಾಯಿಗೇ ಹಾಕಿಕೊಂಡಳು.

ವಾರಗಳು, ತಿಂಗಳುಗಳು ಹೀಗೆಯೇ ಹೋದವು. ಸುಮ್ಮನಿರುವುದು ನನ್ನ ಹುಟ್ಟುಗುಣವಲ್ಲ. ಬಾದಾಮಿಯಲ್ಲಿ ಕಲ್ಲಿನ ಮೂರ್ತಿಗೂ ಒಂದು ಗಂಟೆ ಮಾತು ಹೊಂದಿಸುವವನು ನಾನು. ಆಕೆಯ ಬಾಯಿ ಕಿರಿದಾಗುತ್ತ ಹೋಗುವುದು ನನ್ನ ಕಣ್ಣಿಗೆ ಕಾಣುತ್ತಿತ್ತು, ನಗು ಸಣ್ಣದಾಯಿತು, ಆಕಳಿಕೆ ಅರ್ಧಕ್ಕೆ ನಿಂತಿತು. ಕೈಹಿಡಿದು ಎಳೆದುಕೊಂಡು ಹೋಗಿ ಕನ್ನಡಿಯ ಮುಂದೆ ನಿಲ್ಲಿಸಬೇಕು ಅನ್ನಿಸುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಾಗೆಲ್ಲ ಇನ್ನೊಂದು ಕಡ್ಡಿ ತುರುಕಿಕೊಳ್ಳುತ್ತಿದ್ದೆ. ನನ್ನ ಬಾಯಿ ಬೇಗ ಬೇಗ ತೆರೆದುಕೊಳ್ಳಲು ಅದೂ ಒಂದು ಕಾರಣ ಇರಬೇಕು.

ಒಂದು ದಿನ ಆಕೆ ಕೊಂಡಿ ಹಾಕುತ್ತಲೇ ತಲೆ ಎತ್ತದೆ ಕೇಳಿದಳು: "ನೋಯ್ತೈತೇನ?"

ಕಡ್ಡಿ ತೆಗೆದು "ಭಾಳ ನೋಯ್ತೈತಿ" ಎಂದೆ, ಮತ್ತೆ ಹಾಕಿಕೊಂಡೆ. ಆಕೆ ಮುಂದಿನ ಕೊಂಡಿ ಹಾಕಿದಳು. ನಾನಂತೂ ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ಖುಷಿಯಲ್ಲಿದ್ದೆ.

ಆಮೇಲೆ ಸೊಸೆಗೆ ಗಂಡು ಗೊತ್ತಾಯಿತು. ಹುಡುಗ ಬಾಗಲಕೋಟೆಯವನು, ಸರಕಾರಿ ಕಚೇರಿಯಲ್ಲಿ ನೌಕರಿ, ನವನಗರದಲ್ಲಿ ಮನೆ. ನಿಶ್ಚಯಕ್ಕೆ ಅವರ ಕಡೆಯ ಹಿರಿಯರು ಇಳಕಲ್ಲಿಗೆ ಬಂದರು. ನಮ್ಮ ಮಂದಿಯಲ್ಲಿ ಮಾತುಕತೆ ಎಷ್ಟೇ ಆಗಲಿ, ಎರಡೂ ಕಡೆಯವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆಯೇ ಅದು ಗಟ್ಟಿಯಾದಂತೆ. ಹುಡುಗಿಯ ಕಡೆಯಿಂದ ಮೊದಲು ಹಾಕಿಕೊಳ್ಳಬೇಕಾದವನು ಸೋದರಮಾವ. ಅಂದರೆ ನಾನು.

ತಾಟು ನನ್ನ ಮುಂದೆ ಬಂತು. ಮಡಚಿದ ಎಲೆಯನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ, ಅಂಗಿಯ ಜೇಬಿಗೆ ಇಟ್ಟುಕೊಂಡೆ. ಅಷ್ಟು ಸಾಕಾಗುತ್ತದೆ ಎಂದುಕೊಂಡಿದ್ದು ನನ್ನ ಭ್ರಮೆ. ಹುಡುಗನ ದೊಡ್ಡಪ್ಪ ಬಾಯಿ ಕೆಂಪು ಮಾಡಿಕೊಳ್ಳಲು ಕೈಯಲ್ಲಿ ಎಲೆ ಹಿಡಿದು ಕಾದಿದ್ದ. ಆತನ ಕೈ ಅಲ್ಲೇ ನಿಂತಿತು.

"ಯಾಕ್ರಿ ಮಾವಾರ, ಎಲಿ ಬಾಯಾಗ ಹಾಕ್ಕೊಳ್ಳವಲ್ರಿ? ಮನಸಿನ್ಯಾಗ ಏನರ ಇದ್ರ ಈಗ ಹೇಳಿಬಿಡ್ರಿ. ಆಮ್ಯಾಲ ಅನ್ನೂದು ಬ್ಯಾಡ."

ಅವ್ವ ಮೂಲೆಯಿಂದ ಕೈಸನ್ನೆ ಮಾಡಿ ತಿನ್ನು ತಿನ್ನು ಎಂದಳು. ಫೋನಿನಲ್ಲಿ ಹೇಳುವ ಅವ್ವ ಬೇರೆ, ಬೀಗರ ಮುಂದಿನ ಅವ್ವ ಬೇರೆ. ಮಾವ ಬಗ್ಗಿ ಕಿವಿಯಲ್ಲಿ "ನಾಟಕಕ್ಕರ ಬಾಯಾಗ ಇಟ್ಕೊ. ಆಮ್ಯಾಲ ಹಿತ್ತಲಕ ಹೋಗಿ ಉಗುಳು" ಎಂದ. ಕೆಟ್ಟ ಸಲಹೆಯೇನಲ್ಲ. ಒಂದು ಎಲೆಯಿಂದ ನನ್ನ ಬಾಯಿ ಮುಚ್ಚಿಹೋಗುತ್ತಿರಲಿಲ್ಲ. ಆದರೆ ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತು ನೋಡುತ್ತಿದ್ದಳು. ಅಷ್ಟು ವಾರ ಆಕೆಯ ಕಟ್ಟೆಯ ಮೇಲೆ ಜೊಲ್ಲು ಸುರಿಸಿ ಗಳಿಸಿದ್ದೇನಾದರೂ ಇದ್ದರೆ ಅದು ಆ ಎಲೆಯ ಜೊತೆ ಹೋಗಿಬಿಡುತ್ತಿತ್ತು. ಬೇಕಾದಾಗ ತಿನ್ನಬಹುದು, ಸಂಪ್ರದಾಯಕ್ಕೆ ಮಾಫಿ ಇದೆ ಎಂದು ನಾನೇ ಆಕೆಗೆ ತೋರಿಸಿಕೊಟ್ಟಂತಾಗುತ್ತಿತ್ತು.

"ಹುಡುಗ ಪಸಂದ ಅದಾನ್ರಿ. ನಂದು ಪೂರ್ತಿ ಒಪ್ಪಿಗಿ ಐತಿ" ಎಂದೆ. "ಅಡಿಕಿ ಮಾತ್ರ ತಿನ್ನೂದಿಲ್ರಿ. ತಿಂದು ಬಾಯಿ ಹೋಗಿತ್ತು. ಈಗ ಹಿಂಗ ಐತ್ರಿ." ಬಾಯಿ ತೆರೆದು ತೋರಿಸಿದೆ. ಆ ಎರಡೂವರೆ ಬೆರಳಿನ ಸಂಪತ್ತನ್ನು ಬೀಗರೆಲ್ಲ ಬಗ್ಗಿ ನೋಡಿದರು.

ನೋಡಿದ ದೊಡ್ಡಪ್ಪನ ಹುಬ್ಬು ಇನ್ನೂ ಗಂಟಾಯಿತು. "ಮನಿತನದಾಗ ಬಂದದ್ದೇನ್ರಿ ಇದು? ಮಕ್ಕಳಿಗೂ ಬರ್ತೈತೇನು?"

ಹುಡುಗಿಯ ಬಾಳಿಗೇ ಕಲ್ಲು ಹಾಕಿದೆನೇ ಎಂದು ಜೀವ ಹೊಯ್ದಾಡಿತು. ಉತ್ತರ ಹೊಂದಿಸುವಷ್ಟರಲ್ಲಿ ಅಕ್ಕ ಹೊಸ್ತಿಲು ದಾಟಿ ಬಂದಳು. ಮುಖ ಕಲ್ಲಾಗಿತ್ತು. ನನ್ನನ್ನು ಅಲ್ಲೇ ಝಾಡಿಸುತ್ತಾಳೆ ಎಂದುಕೊಂಡೆ.

"ಮನಿತನದ ರೋಗ ಅಲ್ರಿ ಅಣ್ಣಾರ. ಅಡಿಕಿದು. ಅವಂದಷ್ಟ ಅಲ್ಲ, ನಂದೂ ಬಾಯಿ ಹೋಗಾಕತ್ತೈತಿ. ಅಂವ ತಿಳಕೊಂಡು ಬಿಟ್ಟ, ನಾ ಇನ್ನೂ ಬಿಟ್ಟಿಲ್ಲ. ಅಷ್ಟಽ ಫರಕ. ನನ್ನ ಮಗಳು ಒಂದ ಚೂರು ಮುಟ್ಟಿದಾಕಿ ಅಲ್ಲ. ನನ್ನ ಬಾಯಿ ನೋಡ್ರಿ ಬೇಕಾದ್ರ."

ಹೇಳಿ ಬಾಯಿ ತೆರೆದಳು. ಗಂಡನಿಗೂ ತೋರಿಸಿರದ ಬಾಯನ್ನು ಬೀಗರ ಮುಂದೆ ತೆರೆದಳು. ಒಂದು ಬೆರಳು ಹೋಗುವುದೂ ಕಷ್ಟವಿತ್ತು. ಇಷ್ಟು ಮುಂದೆ ಹೋಗಿರಬಹುದೆಂದು ನನಗೂ ಗೊತ್ತಿರಲಿಲ್ಲ. ದೊಡ್ಡಪ್ಪ ನೋಡಿ, ಕೆಮ್ಮಿ, "ಸಕ್ಕರಿ ತರ್ರಿ ಹಂಗಾರ, ಅದೂ ಶುಭಾನ ಐತಿ" ಎಂದ. ನನಗೆ ಮೊದಲು ಸಕ್ಕರೆ ತಿನ್ನಿಸಿದ. ಆಮೇಲೆ ತನ್ನ ಎಲೆಯನ್ನು ಆರಾಮಾಗಿ ಬಾಯಿಗೆ ಹಾಕಿಕೊಂಡ. ಜಗತ್ತು ಒಂದೇ ದಿನಕ್ಕೆ ತಿದ್ದಿಕೊಳ್ಳುವುದಿಲ್ಲ, ನಾನೂ ಅದಕ್ಕೆ ಹೊರಟಿರಲಿಲ್ಲ. ಮದುವೆ ಗಟ್ಟಿಯಾಯಿತು.

ಮರುವಾರ ಅಕ್ಕ ನಾನು ಕರೆಯದೆಯೇ, ನಾನು ಬಸ್ಸು ಬದಲಿಸುವ ಹುನಗುಂದದ ಬಸ್ ಸ್ಟ್ಯಾಂಡಿಗೆ ಬಂದು ನಿಂತಿದ್ದಳು. ಇಬ್ಬರೂ ಬಾಗಲಕೋಟೆಗೆ ಹೋದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಸದ್ಯಕ್ಕೆ ಗಂಟು ಹುಣ್ಣು ಏನೂ ಇಲ್ಲ, ಆದರೆ ಒಂದು ವರ್ಷ ಮೊದಲು ಬಂದಿದ್ದರೆ ಹೆಚ್ಚು ಉಳಿಯುತ್ತಿತ್ತು ಎಂದರು. ಆ ಮಾತು ನನಗೆ ಚುಚ್ಚಿತು. ಆ ವರ್ಷವನ್ನೇ ನಾನು ಕಟ್ಟೆಯ ಮೇಲೆ ಕೂತು ಕಳೆದಿದ್ದೆ.

ಅಡಿಕೆ ಬಿಟ್ಟ ಅಕ್ಕನ ಜೊತೆ ಇರುವುದೆಂದರೆ ಮಾವನ ಮಾತಿನಲ್ಲಿ ಹೇಳುವುದಾದರೆ ಕೆಂಡದ ಜೊತೆ ಸಂಸಾರ. ತಲೆನೋವು, ಸಿಟ್ಟು, ಎಳೆ ಕಡಿದರೆ ಊರಿನವರಿಗೆಲ್ಲ ಬೈಗುಳ. ಯಾರದೋ ಸೀಮಂತಕ್ಕೆ ಹೋಗಿ ಒಮ್ಮೆ ಬಾಯಿಗೆ ಹಾಕಿಕೊಂಡಳಂತೆ, ಮಾವನೇ ಫೋನಿನಲ್ಲಿ ತಿಳಿಸಿದ. ನಾನು ಅದನ್ನು ಎತ್ತಲಿಲ್ಲ. ಆ ವಾರವೂ ಹೋದೆ, ಕಡ್ಡಿ ತೆಗೆದು ಕೂತೆ. ಆಕೆ ಬಂದು ಪಕ್ಕದಲ್ಲಿ ಕೂತು ತನ್ನ ಕಡ್ಡಿ ತೆಗೆದಳು. ಎದುರು ಮನೆಯವಳು ಈ ಸಲ ನಗಲಿಲ್ಲ, ನೋಡುತ್ತ ನಿಂತಳು.

ಕಡ್ಡಿ ತೆಗೆದು ಬಾಯಿ ಒರೆಸಿಕೊಂಡ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು, ನೋವಿಗೆ ಎಂದುಕೊಂಡೆ.

"ವರ್ಷ ಆತು ಬರಾಕತ್ತು. ನನ್ನ ಬಾಯಿ ಹೋಗೂದು ನಿನಗ ಕಾಣ್ತಿತ್ತು, ಹೌದಲ್ಲೋ? ಒಂದ ದಿನಾನೂ ಬಿಡು ಅನ್ನಲಿಲ್ಲ ನೀ."

"ಅಂದಿದ್ರ ಬಿಡ್ತಿದ್ದೇನ?"

ಆಕೆ ಯೋಚನೆ ಮಾಡಿದಳು. ಸುಳ್ಳು ಹೇಳುವ ಪೈಕಿ ಅಲ್ಲ, ಹಲ್ಲುನೋವಿನ ವಿಷಯವೊಂದು ಬಿಟ್ಟು.

"ಇಲ್ಲ. ಬೈದು ಕಳಸ್ತಿದ್ದೆ. ಇನ್ನೂ ಹೆಚ್ಚಿಗೆ ತಿಂತಿದ್ದೆ. ಅದು ಖರೆ." ಆಮೇಲೆ ನನ್ನ ತೋಳು ಹಿಡಿದಳು. "ಆದ್ರೂ ನನ್ನ ತಮ್ಮಗ ನಾ ಬೇಕಾಗೇನಿ ಅಂತ ನನಗ ಗೊತ್ತಾಗಬೇಕಿತ್ತಲ್ಲೋ. ನೀ ಸುಮ್ನ ಕೂತು ಹೋಗ್ತಿದ್ದಿ. ಒಂದೊಂದ ಸಲ ಅನಸ್ತಿತ್ತು, ನಾ ಸತ್ರೂ ಇಂವಗ ಏನಿಲ್ಲ ಅಂತ."

ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. ನನ್ನ ದಾರಿ ಸರಿ ಎಂದು ಇವತ್ತಿಗೂ ನಂಬಿದ್ದೇನೆ, ಇನ್ನೊಬ್ಬರಿಗೆ ಬೇಕಾದರೂ ಹೀಗೆಯೇ ಹೋಗಿ ಕೂರುತ್ತೇನೆ. ಆದರೆ ಆ ದಾರಿಯಲ್ಲಿ ಆಕೆ ಒಬ್ಬಳೇ ಇದ್ದಳೆಂಬುದು ನನಗೆ ಅವತ್ತೇ ಗೊತ್ತಾದದ್ದು.

"ಹಂಗಾರ ಈಗ ಹೇಳ್ತೇನಿ" ಎಂದೆ. "ಅಕ್ಕಾ, ಅಡಿಕಿ ಬಿಡು. ನೀ ನನಗ ಬೇಕು."

"ಬಿಟ್ಟೇನಲ್ಲೋ ಹುಚ್ಚಪ್ಪ" ಎಂದಳು ಅಕ್ಕ. ಓಣಿಯವರೆಲ್ಲ ನೋಡುತ್ತಿರುವಾಗಲೇ ನನ್ನ ಹೆಗಲ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು.